ಪದ್ಮಿನಿಯೆಂಬ ಕುಮುದಿನಿ

ಗೃಹಸ್ಥನ ಮನೆಯಲ್ಲಿರುವ ವಸ್ತುಗಳು ಎರಡು ಬಗೆಯವು. ಕೆಲವು ಕೇಳಿದೊಡನೆ ಕೆಲಸ ಮಾಡಿ ಸುಮ್ಮನಿರತಕ್ಕವು. ಅವುಗಳ ಹೆಸರು ಕೂಡ ನಮ್ಮ ಬಾಯಿಗೆ ಬರುವುದಿಲ್ಲ. ಮತ್ತೆ ಕೆಲವು ಅನುದಿನವೂ ನಮ್ಮಿಂದ ಆರೈಕೆಯನ್ನು ಬೇಡತಕ್ಕವು. ಹಳೆಯ ಬಾವಿಯ ರಾಟೆ, ಅಜ್ಜಿಯ ಕಾಲದ ಬೀಸುವ ಕಲ್ಲು, ಹಾಲು ಕರೆಯುವಾಗ ಒದೆಯುವ ಎಮ್ಮೆ, ಇವು ಈ ಎರಡನೆಯ ವರ್ಗಕ್ಕೆ ಸೇರಿದವು. ಇಂಥವನ್ನು ಬೈಯುತ್ತಲೇ ಬಾಳಿಸುತ್ತೇವೆ. ಅವು ಮನೆಯಿಂದ ಹೋದ ಮೇಲೆ ಅವುಗಳ ಮಾತನ್ನೇ ಹೆಚ್ಚಾಗಿ ಆಡುತ್ತೇವೆ. ಕಡ್ಡಿರಾಂಪುರದ ನಮ್ಮ ಮನೆಯಲ್ಲಿ 1994ರಿಂದ 2010ರವರೆಗೆ, ಹದಿನಾರು ವರ್ಷಗಳ ಕಾಲ ಇದ್ದ ಒಂದು ಮೋಟಾರುಗಾಡಿಯು ಈ ವರ್ಗದ್ದು. ಈ ತಿಂಗಳು ಅದರ ವೃತ್ತಾಂತವನ್ನು ವಾಚಕರ ಮುಂದಿಡಬೇಕೆಂದು ಮನಸ್ಸಾಗಿದೆ. ಶಾಲೆಯಲ್ಲಿ ಶಬ್ದ ಧಾತುಗಳನ್ನು ಹೇಳಿಕೊಡುತ್ತಿದ್ದ ಸಂಸ್ಕೃತದ ಮೇಷ್ಟರಿಗೆ ಮೋಟಾರಿನ ಗೊಡವೆ ಏಕೆ ಎಂದು ಕೆಲವರು ನಗಬಹುದು. ಆದರೆ ಈ ಗಾಡಿಯ ಹೆಸರೇ ಸಂಸ್ಕೃತದ್ದಾಗಿರುವಲ್ಲಿ ನಮಗೂ ಅದರಲ್ಲಿ ಸ್ವಲ್ಪ ಅಧಿಕಾರ ಉಂಟೆಂದು ಭಾವಿಸಿದ್ದೇವೆ.

ಗಾಡಿಯ ಹೆಸರು ಪ್ರೀಮಿಯರ್ ಪದ್ಮಿನಿ. ಜನರು ಮಾತ್ರ ಕಡೆಯವರೆಗೂ ಅದನ್ನು ಫಿಯೆಟ್ ಎಂದೇ ಕರೆದರು. ಅದರಲ್ಲಿ ತಪ್ಪೇನೂ ಇಲ್ಲ, ಏಕೆಂದರೆ ಅದರ ತವರುಮನೆ ಇಟಲಿ ದೇಶದ ಟುರಿನ್ ನಗರ. ಅಲ್ಲಿನ ಫಿಯೆಟ್ ಕಾರ್ಖಾನೆಯವರು 1953ರಲ್ಲಿ 1100 ಎಂಬ ನಾಲ್ಕು ಬಾಗಿಲ ಹೊಸ ಗಾಡಿಯೊಂದನ್ನು ಹೊರತಂದರು. ಇಟಲಿಯವರು ಈ ಸಂಖ್ಯೆಯನ್ನೇ ಹೆಸರಾಗಿ ಮಾಡಿ 'ಮಿಲ್ಲೆಚೆಂತೊ' ಎಂದು ಕರೆದರು. ಸಾವಿರದ ನೂರು ಎಂದು ಅದರ ಅರ್ಥ. ಅದರ ಎಂಜಿನ್ನಿಗೆ ನಾಲ್ಕು ಸಿಲಿಂಡರುಗಳು, ಅಳತೆ 1089 ಘನ ಸೆಂಟಿಮೀಟರು. ಮನೆಮಂದಿಯೆಲ್ಲ ಕೂಡಬಲ್ಲ ಗಾಡಿಗೆ ಪಂದ್ಯದ ಗಾಡಿಯ ಚುರುಕನ್ನು ಕೊಡುವ ಹುಚ್ಚು ಇಟಲಿಯವರಿಗೆ ಮೊದಲಿನಿಂದಲೂ ಇದೆ. ಈ 1100ರಲ್ಲಿಯೇ 'ಟುರಿಸ್ಮೊ ವೆಲೋಚೆ', ಎಂದರೆ ವೇಗದ ಪ್ರವಾಸಗಾಡಿ, ಎಂಬ ಓಟಗಾರ ಬಗೆಯೊಂದನ್ನು ಅವರು ಮಾಡಿದ್ದರು. ನಮ್ಮ ದೇಶದಲ್ಲಿಯೂ ಈ ರಕ್ತಗುಣ ಮರೆಯಾಗಲಿಲ್ಲ. ಮದರಾಸಿನ ಬಳಿಯ ಷೋಲಾವರಂ ಮೈದಾನದ ಪಂದ್ಯಗಳಲ್ಲಿ ಎಂಜಿನ್ನನ್ನು ತಿದ್ದಿ ಹದಗೊಳಿಸಿದ ಫಿಯೆಟ್ ಗಾಡಿಗಳು ವರ್ಷವರ್ಷವೂ ಓಡುತ್ತಿದ್ದವು.

ಇಟಲಿಯ ಗಾಡಿ ನಮ್ಮ ದೇಶದ ಗಾಡಿಯಾದ ಕಥೆಯಲ್ಲಿ ಕನ್ನಡಿಗರಿಗೂ ಒಂದು ಪಾಲಿದೆ. ಮೋಟಾರುಗಳನ್ನು ಹೊರದೇಶದಿಂದ ತರಿಸುವ ಬದಲು ಇಲ್ಲಿಯೇ ಮಾಡಬೇಕೆಂದು 1930ರ ದಶಕದಲ್ಲಿ ಯೋಜನೆಯನ್ನು ಸಿದ್ಧಪಡಿಸಿ, ಅಮೆರಿಕ ಯೂರೋಪುಗಳ ಕಾರ್ಖಾನೆಗಳನ್ನು ಕಣ್ಣಾರೆ ನೋಡಿ ಬಂದವರು ಮೈಸೂರಿನ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು. ಆ ಸಂಕಲ್ಪವನ್ನು ಕೈಗೆತ್ತಿಕೊಂಡ ಉದ್ಯಮಿ ವಾಲ್‌ಚಂದ್ ಹೀರಾಚಂದರು. ಇವರು 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ಆರಂಭಿಸಿದರು. 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಮೋಟಾರು ಕಂಪನಿಯನ್ನು ಸ್ಥಾಪಿಸಿದರು. ಆ ಕಂಪನಿಯು ಮುಂಬಯಿಯ ಕುರ್ಲಾದಲ್ಲಿ ಫಿಯೆಟ್ ಗಾಡಿಗಳನ್ನು ಕಟ್ಟತೊಡಗಿತು. ಮೊದಮೊದಲಿನ ಗಾಡಿಗಳಲ್ಲಿ ಮುಂದಿನ ಬಾಗಿಲು ಹಿಂದುಮುಂದಾಗಿ ತೆರೆಯುತ್ತಿದ್ದಿತು. ಅವುಗಳ ಗುಂಡು ಮೈಯನ್ನು ನೋಡಿ ಮುಂಬಯಿಯವರು 'ದುಕ್ಕರ್', ಎಂದರೆ ಹಂದಿ, ಎಂದು ಹೆಸರಿಟ್ಟರು. 1964ರಲ್ಲಿ ಆಕಾರವು ತಿದ್ದಲ್ಪಟ್ಟು 1100-ಡಿ ಬಂದಿತು. ಪ್ರಧಾನಮಂತ್ರಿಗಳಾಗಿದ್ದ ಲಾಲ್ ಬಹಾದುರ್ ಶಾಸ್ತ್ರಿಗಳು ಈ ಜಾತಿಯ ಗಾಡಿಯೊಂದನ್ನು ಕೊಳ್ಳಲು ಬ್ಯಾಂಕಿನಿಂದ 5,000 ರೂಪಾಯಿ ಸಾಲ ತೆಗೆದಿದ್ದರೆಂಬುದೂ, 1966ರ ಜನವರಿಯಲ್ಲಿ ಅವರು ತೀರಿಕೊಂಡ ಮೇಲೆ ಉಳಿದ ಸಾಲವನ್ನು ಪತ್ನಿ ಲಲಿತಾ ಶಾಸ್ತ್ರಿಯವರು ತಮ್ಮ ಪಿಂಚಣಿಯಿಂದ ತೀರಿಸಿದರೆಂಬುದೂ ಎಲ್ಲರೂ ಬಲ್ಲ ಸಂಗತಿ. ಸಾಲ ಮಾಡಿ ಗಾಡಿ ತಂದ ನಮ್ಮಂಥ ಮೇಷ್ಟರುಗಳಿಗೆ ಈ ಸಂಗತಿಯು ಬಹಳ ಸಮಾಧಾನವನ್ನು ಕೊಟ್ಟಿದೆ.

1974ರಿಂದ ಈ ಗಾಡಿಗೆ ಪದ್ಮಿನಿಯೆಂಬ ಹೆಸರು ಬಂದಿತು. ಚಿತ್ತೂರಿನ ರಾಣಿಯ ಹೆಸರೆಂದು ಹೇಳುತ್ತಾರೆ. ಆದರೆ ಸಂಸ್ಕೃತವನ್ನೋದಿದವನ ಕಿವಿಗೆ ಪದ್ಮಿನಿಯೆಂದರೆ ಮೊದಲು ತಾವರೆಯ ಬಳ್ಳಿ, ಆಮೇಲೆ ತಾವರೆಗಳು ತುಂಬಿದ ಕೊಳ. ನಮ್ಮೂರಿನ ನೆರೆಯಲ್ಲಿಯೇ ಕೆರೆಯ ದಂಡೆಯ ಮೇಲೆ ಕಮಲಾಪುರವಿದೆ. ಹಂಪೆಯ ಅರಮನೆಯ ಆವರಣದಲ್ಲಿ ಕಮಲಮಹಲಿದೆ. ಇಂಥ ನೆಲಕ್ಕೆ ಪದ್ಮಿನಿಯೊಬ್ಬಳು ಬಂದರೆ ಅದು ಉಚಿತವೇ ಸರಿ ಎಂದು ನಾವು ಹೆಮ್ಮೆಪಟ್ಟೆವು. ಹೆಸರಿನ ಅರ್ಥವನ್ನು ಗಾಡಿಯು ಹೇಗೆ ಉಲ್ಲಂಘಿಸಿತೆಂಬುದನ್ನು ಮುಂದೆ ಹೇಳುತ್ತೇವೆ.

ನಮ್ಮಲ್ಲಿಗೆ ಬಂದ ಗಾಡಿಯು 1979ರಲ್ಲಿ ಹುಟ್ಟಿದ್ದು. ಅದರ ಮೊದಲನೆಯ ಯಜಮಾನರು ಆರು ವರ್ಷ ಸರದಿಯಲ್ಲಿ ಕಾದು ಅದನ್ನು ಪಡೆದಿದ್ದರಂತೆ. ಇಂದಿನ ಮಕ್ಕಳಿಗೆ ಈ ಮಾತು ನಂಬುಗೆಯಾಗದು. ಆ ದಿನಗಳಲ್ಲಿ ಎಷ್ಟು ಗಾಡಿ ಮಾಡಬೇಕೆಂಬುದಕ್ಕೂ ಸರಕಾರದ ಪರವಾನಗಿ ಬೇಕಾಗಿತ್ತು. ಕೊಳ್ಳುವವರು ಮುಂಗಡ ಹಣವನ್ನು ಕಟ್ಟಿ, ಮಗ ಶಾಲೆಗೆ ಸೇರುವಾಗ ಹೆಸರು ಬರೆಸಿದರೆ ಅವನು ಶಾಲೆ ಬಿಡುವ ವೇಳೆಗೆ ಗಾಡಿ ಬಂದರೂ ಬರಬಹುದೆಂದು ವಿನೋದ ಮಾಡುತ್ತಿದ್ದರು. ನಾವು ಕೊಂಡಾಗ ಅದಕ್ಕೆ ಹದಿನೈದು ವರ್ಷ ತುಂಬಿದ್ದಿತು. ಹದಿನೈದು ತುಂಬಿದ ಸ್ವಂತ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕಾದ್ದರಿಂದ ಬೆಲೆಯು ಇಳಿದಿದ್ದಿತು. 42,000 ರೂಪಾಯಿಗೆ ಮಾತಾಯಿತು. ಅದರಲ್ಲಿ ಅರ್ಧ ಸಾಲ, ಕಾಲು ಉಳಿತಾಯ, ಕಾಲು ಮನೆಯಾಕೆಯ ಬಳೆಗಳು. ಆಕೆ ಬಳೆಗಳನ್ನು ಬಿಚ್ಚಿ ಕೊಡುವಾಗ ಹಾಕಿದ ಕರಾರು ಒಂದೇ. "ಗಾಡಿ ತರ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ರಾತ್ರಿ ಯಾರಾರ ಬಾಗಿಲು ತಟ್ಟಿದ್ರ ಇಲ್ಲ ಅನ್ನಬಾರದು ನೋಡ್ರಿ." ಆಗ ನಮ್ಮ ಓಣಿಯಲ್ಲಿ ಬೇರೆ ಯಾರ ಮನೆಯಲ್ಲಿಯೂ ಕಾರು ಇರಲಿಲ್ಲ. ಹೊಸಪೇಟೆಯ ಆಸ್ಪತ್ರೆಗೆ ಎಂಟು ಹತ್ತು ಕಿಲೋಮೀಟರು ದಾರಿ. ಕತ್ತಲಾದ ಮೇಲೆ ಬಸ್ಸಿಲ್ಲ. ಆಕೆಯ ಕರಾರಿನ ಅರ್ಥ ನಮಗೆ ಪೂರ್ತಿಯಾಗಿ ತಿಳಿದದ್ದು ಆಮೇಲೆ.

ಇನ್ನು ಆ ಗಾಡಿಯ ನಡೆನುಡಿಗಳನ್ನು ಹೇಳಬೇಕು. ಬಣ್ಣ ಹಾಲಿನ ಕೆನೆಯದು. ಹಿಂಭಾಗದ ಎರಡು ಮಗ್ಗುಲಲ್ಲಿ ಮೀನಿನ ರೆಕ್ಕೆಯಂಥ ಚಿಕ್ಕ ಏಣುಗಳು. ಮುಂದಿನ ಸೀಟು ಶಾಲೆಯ ಬೆಂಚಿನಂತೆ ಈ ಕೊನೆಯಿಂದ ಆ ಕೊನೆಯವರೆಗೆ ಒಂದೇ. ಮುಂದೆ ಮೂವರು, ಹಿಂದೆ ನಾಲ್ವರು, ತೊಡೆಯ ಮೇಲೆ ಎಷ್ಟು ಮಕ್ಕಳೋ ಲೆಕ್ಕವಿಲ್ಲ. ಮುಂಗಿಟಕಿಯ ಮೂಲೆಯಲ್ಲಿ ತ್ರಿಕೋನದ ಒಂದು ಪುಟ್ಟ ಗಾಜು. ಅದನ್ನು ತಿರುಗಿಸಿದರೆ ಬೀಸಣಿಗೆ ಹಿಡಿದಂತೆ ಗಾಳಿಯು ನೇರವಾಗಿ ಮುಖಕ್ಕೆ ಬೀಸುತ್ತಿದ್ದಿತು. ಗೇರಿನ ಸನ್ನೆ ನೆಲದ ಮೇಲಿರದೆ ಸ್ಟೀರಿಂಗಿನ ಕಂಬಕ್ಕೆ ಅಂಟಿಕೊಂಡಿದ್ದಿತು. ಸನ್ನೆಗೂ ಗೇರುಪೆಟ್ಟಿಗೆಗೂ ನಡುವೆ ಇರುವ ಸರಳುಗಳು ಸವೆದಾಗ ಎರಡು ಗೇರುಗಳ ಮಧ್ಯೆ ಸನ್ನೆಯು ತ್ರಿಶಂಕುವಿನಂತೆ ನಿಂತುಬಿಡುತ್ತಿದ್ದಿತು. ಆಗ ಬಾನೆಟ್ಟನ್ನೆತ್ತಿ ಸರಳನ್ನು ಕೈಯಿಂದ ಜಗ್ಗಿ ಸರಿಮಾಡತಕ್ಕದ್ದು. ಈ ಕೆಲಸವನ್ನು ನಮ್ಮ ಮಗಳು ಹತ್ತನೆಯ ವಯಸ್ಸಿಗೇ ಕಲಿತಳು. ಹಂಪೆಯ ಜಾತ್ರೆಗೆ ಬಂದಿದ್ದ ನೆಂಟರೆದುರಿಗೆ ಲಂಗವನ್ನೆತ್ತಿ ಕಟ್ಟಿ, ಮೊಣಕೈವರೆಗೆ ಮಸಿ ಮಾಡಿಕೊಂಡು ಅವಳು ಗೇರು ಬಿಡಿಸಿದ್ದನ್ನು ನೋಡಿದ ನಮ್ಮ ಸೋದರತ್ತೆ, "ಈ ಹುಡುಗಿಗೆ ಗಂಡು ಸಿಕ್ಕಾನೇನು?" ಎಂದು ಚಿಂತಿಸಿದರು. ಗಂಡೂ ಸಿಕ್ಕಿದ, ಅದಕ್ಕಿಂತ ಮೊದಲು ಅವಳಿಗೆ ಎಂಜಿನಿಯರಿಂಗ್ ಕಾಲೇಜೂ ಸಿಕ್ಕಿತು.

ಇಷ್ಟು ವಿಚಿತ್ರಗಳಿದ್ದರೂ ದಾರಿ ತೆರವಾಗಿದ್ದು ಮೂರನೆಯ ಗೇರು ಬಿದ್ದರೆ ಇಟಲಿಯ ರಕ್ತವು ಎಚ್ಚರಗೊಳ್ಳುತ್ತಿದ್ದಿತು. ಎಂಜಿನ್ನು ಗುಟುರುಹಾಕುತ್ತಿದ್ದಿತು, ಸ್ಟೀರಿಂಗು ಹಗುರಾಗುತ್ತಿದ್ದಿತು, ಕಂಪ್ಲಿಯ ದಾರಿಯ ಬಾಳೆಯ ತೋಟಗಳು ಎರಡು ಹಸಿರು ಗೋಡೆಗಳಾಗಿ ಹಿಂದೆ ಸರಿಯುತ್ತಿದ್ದವು. ಜಲಾಶಯದಿಂದ ಹೆಚ್ಚು ನೀರು ಬಿಟ್ಟ ವರ್ಷ ಕಂಪ್ಲಿಯ ಸೇತುವೆ ತುಂಗಭದ್ರೆಯಲ್ಲಿ ಮುಳುಗಿಹೋಗುವುದು ವಾಚಕರಲ್ಲಿ ಕೆಲವರಿಗೆ ಗೊತ್ತಿದೆ. ಅಂಥ ದಿನ ಹೊಳೆಯ ದಂಡೆಯವರೆಗೆ ಹೋಗಿ, ನೀರನ್ನು ನೋಡಿ, ಮಿರ್ಚಿ ಮಂಡಕ್ಕಿ ತಿಂದು ಹಿಂತಿರುಗುವುದೇ ನಮ್ಮ ವಿಹಾರ. ಸಂಡೂರಿನ ಪ್ರಯಾಣವೆಂದರೆ ಬೇರೆ ಕಥೆ. ಅದಿರಿನ ಲಾರಿಗಳು ಹಗಲೂ ಇರುಳೂ ಸಾಲುಗಟ್ಟಿ ಹರಿದ ವರ್ಷಗಳು ಅವು. ಸಂಡೂರಿಗೆ ಹೋಗಿ ಬಂದ ದಿನ ನಮ್ಮ ಕೆನೆಬಣ್ಣದ ಗಾಡಿಯು ಕಾವಿ ಉಟ್ಟ ಸಂನ್ಯಾಸಿನಿಯಂತೆ ಮನೆಗೆ ಬರುತ್ತಿದ್ದಿತು. ಬಾಗಿಲ ಸಂದುಗಳಲ್ಲಿ ಸೇರಿದ ಆ ಕೆಂಪು ಧೂಳು ಎಷ್ಟು ತೊಳೆದರೂ ಹೋಗಲಿಲ್ಲ. 2010ರಲ್ಲಿ ಗಾಡಿಯೊಡನೆಯೇ ಹೋಯಿತು. ಮರುವರ್ಷ ಜುಲೈಯಲ್ಲಿ ಸುಪ್ರೀಂ ಕೋರ್ಟಿನ ಆಜ್ಞೆಯಿಂದ ಗಣಿಗಳು ನಿಂತು, ದಾರಿಗಳೂ ಕೆಲಕಾಲ ನಿಶ್ಶಬ್ದವಾದವು.

ಈಗ ಹೆಸರಿನ ಮಾತು. ತಾವರೆಯು ಸೂರ್ಯನನ್ನು ಕಂಡು ಅರಳತಕ್ಕದ್ದು, ಕತ್ತಲಾದರೆ ಮುಚ್ಚತಕ್ಕದ್ದು; ಇದು ಕವಿಸಮಯ, ಲೋಕಾನುಭವವೂ ಹೌದು. ನಮ್ಮ ಪದ್ಮಿನಿಯ ಸ್ವಭಾವ ಇದಕ್ಕೆ ವಿರುದ್ಧ. ಹೊಸಪೇಟೆಯ ಕಡೆಯ ಚೈತ್ರ ವೈಶಾಖಗಳೆಂದರೆ ಬಂಡೆಗಳೂ ಬೇಯುವ ಕಾಲ; ಬಿಸಿಲು ನಾಲ್ವತ್ತು ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಹನ್ನೆರಡರ ಮೇಲೆ ಈಕೆಯು ಎರಡು ಮೈಲಿ ಹೋಗಿ, ಕೆಮ್ಮಿ, ಉಸಿರು ಕಟ್ಟಿ ನಿಂತುಬಿಡುತ್ತಿದ್ದಳು. ಕಾರಣವು ಸರಳವಾದದ್ದು. ಟಾಕಿಯಿಂದ ಪೆಟ್ರೋಲನ್ನು ಸೆಳೆದು ಎಂಜಿನ್ನಿಗೆ ಒಪ್ಪಿಸುವ ಪಂಪು ಎಂಜಿನ್ನಿನ ಮೈಗೇ ಅಂಟಿಕೊಂಡಿರುತ್ತದೆ. ಬಿಸಿಲಿನ ಬೇಗೆಯೂ ಎಂಜಿನ್ನಿನ ಕಾವೂ ಕೂಡಿದಾಗ ಪೆಟ್ರೋಲು ಕೊಳವೆಯಲ್ಲಿಯೇ ಆವಿಯಾಗುತ್ತದೆ. ದ್ರವವನ್ನು ಎತ್ತಬಲ್ಲ ಪಂಪಿಗೆ ಆವಿಯನ್ನು ಎತ್ತುವ ಶಕ್ತಿಯಿಲ್ಲ. ಮೊದಲ ಬೇಸಗೆಯಲ್ಲಿ ಕಡ್ಡಿರಾಂಪುರದ ಹೊರಗೆ ಬಹಮನಿ ಶೈಲಿಯ ಎರಡು ಹಳೆಯ ಗೋರಿಗಳಿರುವ ಕಡೆ ಹೀಗೆ ನಿಂತಾಗ, ಸೈಕಲ್ಲಿನ ಮೇಲೆ ಹೋಗುತ್ತಿದ್ದ ಹೊಸಪೇಟೆಯ ಗ್ಯಾರೇಜಿನ ಹಿರಿಯರೊಬ್ಬರು ಇಳಿದು ಬಂದು ನೋಡಿ ನಕ್ಕರು. "ಮೇಷ್ಟ್ರೆ, ಈಕಿಗೆ ಬಿಸಿಲು ಆಗಂಗಿಲ್ಲ. ಪಂಪಿಗೆ ಹಸಿ ಅರಿವಿ ಸುತ್ತ್ರಿ, ಕಾಲು ತಾಸು ನೆರಳಾಗ ನಿಲ್ಲಸ್ರಿ. ಸಿಟ್ಟು ಇಳೀತಂದ್ರ ತಾನ ಓಡ್ತಾಳ." ಹಾಗೆಯೇ ಆಯಿತು. ಅಂದಿನಿಂದ ಡಿಕ್ಕಿಯಲ್ಲಿ ಒಂದು ಬಿಂದಿಗೆ ನೀರು, ಹರಿದ ಧೋತರದ ಒಂದು ತುಂಡು ನಿತ್ಯವೂ ಸಿದ್ಧವಾಗಿರುತ್ತಿದ್ದವು. ಹಗಲು ಮುದುಡಿ ರಾತ್ರಿಯ ತಂಪಿನಲ್ಲಿ ಅರಳುವುದು ತಾವರೆಯಲ್ಲ, ನೈದಿಲೆ. ಸಂಸ್ಕೃತದಲ್ಲಿ ಅದಕ್ಕೆ ಕುಮುದಿನಿಯೆಂದು ಹೆಸರು. ಗಾಡಿಯ ಕಾಗದಪತ್ರಗಳಲ್ಲಿ ಪದ್ಮಿನಿಯೆಂದಿದ್ದರೂ ನಮ್ಮ ಮನೆಯಲ್ಲಿ ಅವಳ ಹೆಸರು ಕುಮುದಿನಿಯಾಯಿತು.

ಈ ರಾತ್ರಿಯ ಗುಣವೇ ಊರಿಗೆ ಒದಗಿದ್ದು. 1997ರ ಶ್ರಾವಣದಲ್ಲಿ ಒಂದು ರಾತ್ರಿ ಒಂದು ಗಂಟೆಯ ಸುಮಾರಿಗೆ ಬಾಗಿಲು ತಟ್ಟಿದ ಸದ್ದಾಯಿತು. ಪಕ್ಕದ ಓಣಿಯ ಕೂಲಿಯವನೊಬ್ಬ. ಹೆಂಡತಿಗೆ ಚೊಚ್ಚಲ ಹೆರಿಗೆ, ಎರಡು ದಿನದಿಂದ ನೋವು. ಸೂಲಗಿತ್ತಿ ಕೈಬಿಟ್ಟಿದ್ದಳು. ಹಿಂದಿನ ಸೀಟಿನಲ್ಲಿ ಆ ಹುಡುಗಿಯನ್ನು ಮಲಗಿಸಿ, ಅವಳ ಅತ್ತೆಯೂ ನಮ್ಮ ಮನೆಯಾಕೆಯೂ ನೆಲದಲ್ಲಿ ಕುಳಿತರು. ಅನಂತಶಯನಗುಡಿಯ ರೈಲ್ವೆ ಗೇಟಿಗೆ ಬರುವಾಗ ಗೇಟು ಹಾಕಿದ್ದಿತು. ಅದಿರಿನ ಗೂಡ್ಸ್ ರೈಲು ಬರುವುದಿತ್ತು. ಬ್ಯಾಟರಿಯ ಬಲ ಸಾಲದಿದ್ದುದರಿಂದ ಎಂಜಿನ್ನನ್ನು ನಿಲ್ಲಿಸುವಂತಿರಲಿಲ್ಲ. ನಿಂತರೆ ತಳ್ಳಲು ಗಂಡಸರು ನಾವಿಬ್ಬರೇ. ಮಳೆಯು ಸುರಿಯುತ್ತಿದ್ದಿತು. ಹಿಂದಿನಿಂದ ಆ ಹುಡುಗಿಯ ನರಳಾಟ, ಮುಂದಿನಿಂದ ಒಂದೊಂದಾಗಿ ಉರುಳುವ ವ್ಯಾಗನ್ನುಗಳ ಸದ್ದು. ನಡುವೆ ಕುಮುದಿನಿಯ ಎಂಜಿನ್ನು ಮಂತ್ರ ಜಪಿಸುವವಳಂತೆ ಒಂದೇ ಲಯದಲ್ಲಿ ಮಿಡಿಯುತ್ತಿದ್ದಿತು. ನಾವು ಕಾಲನ್ನು ಎಕ್ಸಿಲರೇಟರಿನ ಮೇಲಿಂದ ತೆಗೆಯದೆ ಕುಳಿತಿದ್ದೆವು. ಆ ಎಂಜಿನ್ನು ಒಮ್ಮೆಯೂ ತಪ್ಪಲಿಲ್ಲ. ಮೂರು ಗಂಟೆಗೆ ಆಸ್ಪತ್ರೆಯಲ್ಲಿ ಗಂಡುಮಗು ಹುಟ್ಟಿತು, ತಾಯಿಯೂ ಉಳಿದಳು. ಆ ಮಗು ಈಗ ಯುವಕನಾಗಿ ತೋರಣಗಲ್ಲಿನಲ್ಲಿ ಕೆಲಸದಲ್ಲಿದ್ದಾನೆ.

ಎಲ್ಲ ರಾತ್ರಿಗಳೂ ಹೀಗೆ ಮುಗಿಯಲಿಲ್ಲವೆಂಬುದನ್ನೂ ಹೇಳಬೇಕು. ನಮ್ಮ ಕಡೆ ವಿಜಯನಗರದ ಅರಸರ ಕಾಲದ ಕಾಲುವೆಗಳು ಇಂದಿಗೂ ಬಾಳೆಗೆ, ಕಬ್ಬಿಗೆ ನೀರುಣಿಸುತ್ತವೆ. ರಾತ್ರಿ ನೀರು ಕಟ್ಟಲು ಹೋದ ರೈತನೊಬ್ಬನಿಗೆ ಹಾವು ಕಚ್ಚಿತು. ಅವನನ್ನು ಮೊದಲು ಮಂತ್ರ ಹಾಕುವವರಲ್ಲಿಗೆ ಒಯ್ದರು. ನಮ್ಮ ಬಾಗಿಲಿಗೆ ತರುವಾಗ ಮೂರು ತಾಸು ಕಳೆದಿದ್ದಿತು. ಆ ರಾತ್ರಿ ಕುಮುದಿನಿಯು ಎಂದೂ ಓಡದಷ್ಟು ವೇಗವಾಗಿ ಓಡಿದಳು, ಗೇಟೂ ತೆರೆದಿದ್ದಿತು. ಆದರೆ ಟುರಿನ್ನಿನವರ ಯಾವ ಗಾಡಿಯೂ ಕಳೆದುಹೋದ ಮೂರು ತಾಸನ್ನು ಹಿಂದಕ್ಕೆ ತರಲಾರದು. ಅವನು ದಾರಿಯಲ್ಲಿಯೇ ತೀರಿಕೊಂಡನು. ಮರುದಿನ ಮನೆಯಾಕೆಯು ಸೀಟನ್ನು ತೊಳೆದು, ಬಹಳ ಹೊತ್ತು ಗಾಡಿಯ ಬಳಿಯೇ ಕುಳಿತಿದ್ದಳು. ಗೃಹಸ್ಥರಾದ ವಾಚಕರಲ್ಲಿ ಇದೊಂದು ಬಿನ್ನಹ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರಕ್ಕೆ ಕಾಯುವುದು ಇವಾವುವೂ ಬೇಡ. ಕಚ್ಚಿದ ಅಂಗವನ್ನು ಅಲುಗಿಸದೆ ಒಡನೆಯೇ ಆಸ್ಪತ್ರೆಗೆ ಒಯ್ಯಿರಿ. ವಿಷಕ್ಕೆ ಮದ್ದು ಅಲ್ಲಿದೆ. ಆ ಮದ್ದಿಗೆ ಬೇಕಾದದ್ದು ಸಮಯ.

2008ರ ನವೆಂಬರಿನಲ್ಲಿ ಕರ್ನಾಟಕದಲ್ಲಿ 108ರ ಆಂಬುಲೆನ್ಸ್ ವ್ಯವಸ್ಥೆ ಬಂದಿತು. ಅಲ್ಲಿಂದ ಮುಂದೆ ನಮ್ಮ ಬಾಗಿಲು ತಟ್ಟುವವರು ಕಡಿಮೆಯಾದರು. ಒಂದು ವರ್ಷದಲ್ಲಿ ಪೂರ್ತಿಯಾಗಿ ನಿಂತರು. ಕುಮುದಿನಿಗೂ ವಯಸ್ಸಾಗಿದ್ದಿತು. ಕುರ್ಲಾದಲ್ಲಿ ಈ ಗಾಡಿಯ ತಯಾರಿಕೆಯು 2000ದ ಸುಮಾರಿಗೇ ನಿಂತುಹೋಗಿದ್ದಿತು. ಒಂದು ಬಾಗಿಲ ಹಿಡಿಗಾಗಿ ಹುಬ್ಬಳ್ಳಿ, ಬೆಂಗಳೂರು ಅಲೆಯಬೇಕಾಗಿತ್ತು. 2010ರಲ್ಲಿ ಹಳೆಯ ಗಾಡಿಗಳನ್ನು ಪ್ರೀತಿಯಿಂದ ರಿಪೇರಿ ಮಾಡಿ ಇಟ್ಟುಕೊಳ್ಳುವ ಬೆಂಗಳೂರಿನ ತರುಣನೊಬ್ಬನಿಗೆ ಅವಳನ್ನು ಒಪ್ಪಿಸಿದೆವು. ಮನೆಯಾಕೆಯು ಬಾನೆಟ್ಟಿಗೆ ಕುಂಕುಮವಿಟ್ಟು, ಮಡಿಲು ತುಂಬುವಂತೆ ಡಿಕ್ಕಿಯಲ್ಲಿ ಬಿಂದಿಗೆಯನ್ನೂ ಧೋತರದ ತುಂಡನ್ನೂ ಇಟ್ಟು ಕಳುಹಿದಳು. ಮುಂಬಯಿಯ ಬೀದಿಗಳಲ್ಲಿ ಕಪ್ಪು ಹಳದಿ ಬಣ್ಣದ ಟ್ಯಾಕ್ಸಿಗಳಾಗಿ ಓಡುತ್ತಿದ್ದ ಪದ್ಮಿನಿಗಳ ಸಂತತಿಯೂ 2023ರ ಅಕ್ಟೋಬರ್ ತಿಂಗಳಿಗೆ ಮುಗಿಯಿತು. ಟ್ಯಾಕ್ಸಿಗೆ ಅಲ್ಲಿ ಇಪ್ಪತ್ತು ವರ್ಷದ ಆಯುಸ್ಸೆಂಬ ನಿಯಮವಿರುವುದರಿಂದ ಕಡೆಯ ಗಾಡಿಯು ಅಂದು ನಿವೃತ್ತವಾಯಿತು. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ದಿನ ನಮ್ಮ ಮನೆಯಲ್ಲಿ ಅಡುಗೆಯು ಸ್ವಲ್ಪ ತಡವಾಯಿತು.

ಇಂಥ ನೆನಪುಗಳನ್ನು ಕೇಳಿದವರು ಸಾಮಾನ್ಯವಾಗಿ, 'ಆ ಕಾಲವೇ ಚೆನ್ನಾಗಿದ್ದಿತು' ಎನ್ನುತ್ತಾರೆ. ಈ ಮಾತಿಗೆ ನಮ್ಮ ಸಮ್ಮತಿಯಿಲ್ಲ. ಒಂದು ಗಾಡಿಗಾಗಿ ಮನುಷ್ಯನು ಆರು ವರ್ಷ ಕಾಯುವುದು ಒಳ್ಳೆಯ ಕಾಲದ ಲಕ್ಷಣವಲ್ಲ. ಹೆರಿಗೆಯ ನೋವಿನಲ್ಲಿರುವವಳ ಪ್ರಾಣವು ಮೇಷ್ಟರೊಬ್ಬರ ಹಳೆಯ ಬ್ಯಾಟರಿಯನ್ನು ಅವಲಂಬಿಸುವುದಂತೂ ಸರ್ವಥಾ ಒಳ್ಳೆಯದಲ್ಲ. ನಮ್ಮ ಬಾಗಿಲು ತಟ್ಟುವ ಸದ್ದು ನಿಂತುದು ಊರಿನ ಭಾಗ್ಯವೆಂದೇ ತಿಳಿಯುತ್ತೇವೆ. ವಸ್ತುವಿನ ಮೇಲಿನ ಪ್ರೀತಿಯು ಕೊರತೆಯ ಸ್ತೋತ್ರವಾಗಬಾರದು. ಬಿಸಿಲಿಗೆ ನಿಲ್ಲದ ಗಾಡಿಗಳು ಇಂದು ನಮ್ಮ ಓಣಿಯಲ್ಲಿಯೇ ಐದಾರಿವೆ, ಅವು ಹೆಚ್ಚಲಿ.

ಆದರೆ ಒಂದು ಸಂಗತಿಯನ್ನು ವಿಚಾರಮಾಡಬೇಕಾಗಿದೆ. ಕುಮುದಿನಿಯು ನಡುದಾರಿಯಲ್ಲಿ ನಿಂತಾಗಲೆಲ್ಲ ಯಾರಾದರೂ ಬಂದು ತಳ್ಳಿದರು. ರೈತರು, ಕುರಿ ಕಾಯುವವರು, ಹಂಪೆಗೆ ಬಂದ ಯಾತ್ರಿಕರು, ಒಮ್ಮೆ ಒಬ್ಬ ಪೋಲೀಸು ದಫೇದಾರರು. ಹದಿನಾರು ವರ್ಷಗಳಲ್ಲಿ ತಳ್ಳಿದವರ ಸಂಖ್ಯೆಯು ನಾವು ಆಸ್ಪತ್ರೆಗೆ ಒಯ್ದವರ ಸಂಖ್ಯೆಗಿಂತ ಎಷ್ಟೋ ಹೆಚ್ಚು. ಆದಕಾರಣ ಉಪಕಾರದ ಲೆಕ್ಕದಲ್ಲಿ ಊರಿಗೆ ನಾವೇ ಸಾಲಗಾರರು. ಗಾಡಿಯು ಕೆಡುತ್ತಿದ್ದುದರಿಂದ ನಾವು ಜನರನ್ನು ಕರೆಯಬೇಕಾಗಿತ್ತು. ಕರೆದದ್ದರಿಂದ ಅವರ ಹೆಸರು, ಮನೆ, ಮಕ್ಕಳು ನಮಗೆ ಪರಿಚಯವಾದರು. ಆ ಪರಿಚಯವಿದ್ದುದರಿಂದಲೇ ನಡುರಾತ್ರಿ ನಮ್ಮ ಬಾಗಿಲು ತಟ್ಟಲು ಅವರಿಗೆ ಸಂಕೋಚವಾಗಲಿಲ್ಲ. ಇಂದಿನ ಗಾಡಿಯು ಕೆಡುವುದಿಲ್ಲ. ಕಿಟಕಿಯ ಗಾಜು ಮುಚ್ಚಿರುತ್ತದೆ. ಓಣಿಯ ತುದಿಯ ಮನೆಯಲ್ಲಿ ಯಾರಿದ್ದಾರೆಂಬುದು ತಿಳಿಯದೆಯೇ ದಿನಗಳು ಸಾಗುತ್ತವೆ. ಕೆಡುವ ಗಾಡಿಯನ್ನು ಮತ್ತೆ ತರಬೇಕಾಗಿಲ್ಲ. ಗಾಡಿಯುಳ್ಳ ಗೃಹಸ್ಥರು ವಾರಕ್ಕೊಮ್ಮೆಯಾದರೂ ಅದನ್ನು ಮನೆಯಲ್ಲಿ ಬಿಟ್ಟು ಕಾಲ್ನಡಿಗೆಯಲ್ಲಿ ಓಣಿಯ ತುದಿಯವರೆಗೆ ಹೋಗಿಬಂದರೆ ಸಾಕು. ವೃದ್ಧರಿರುವ ಮನೆ ಯಾವುದು, ಬಸುರಿಯಿರುವ ಮನೆ ಯಾವುದು ಎಂಬುದು ಆ ನಡಿಗೆಯಲ್ಲಿ ತಾನಾಗಿ ತಿಳಿಯುತ್ತದೆ. ಅವರಿಗೂ ನಮ್ಮ ಬಾಗಿಲು ಯಾವುದೆಂದು ತಿಳಿಯುತ್ತದೆ.

ನಮ್ಮ ಮನೆಯಾಕೆಯ ಕರಾರು ಗಾಡಿಯೊಡನೆ ಮುಗಿಯಲಿಲ್ಲ. ಇತ್ತೀಚೆಗೆ ಮಗಳು ಹೊಸ ಕಾರು ಕೊಂಡಾಗ ಆಕೆಯು ಅದೇ ಮಾತನ್ನು ಅದೇ ಧಾಟಿಯಲ್ಲಿ ಅವಳಿಗೂ ಹೇಳಿದಳು. ಮಗಳು ನಗದೆ ಒಪ್ಪಿಕೊಂಡಳು.